ಬಾಗಿಲು ಹಾಕಿದ ಕೂಡಲೇ ಊಳಿಡುವ ನಾಯಿಗೆ

ಈಗ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇದೇ ಗೋಳು. ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಬೀಗ ಹಾಕಿ ವೈಟ್‌ಫೀಲ್ಡಿಗೆ ಹೊರಡುತ್ತಾರೆ. ಒಳಗೆ ನಾಯಿ ಊಳಿಡುತ್ತದೆ. ಸಂಜೆ ಬಂದು ಹರಿದ ದಿಂಬು ತೋರಿಸಿ ಅದಕ್ಕೆ ಬೈಯುತ್ತಾರೆ. ಎಷ್ಟು ಸಲ ಹೇಳಬೇಕು ಇವರಿಗೆ? ಬೆಳಗ್ಗೆ ಹರಿದದ್ದಕ್ಕೆ ಸಂಜೆ ಬೈದರೆ ಅದಕ್ಕೆ ಏನೂ ತಿಳಿಯುವುದಿಲ್ಲ. 'ನೋಡಿ ಆಂಟಿ, ತಪ್ಪು ಮಾಡಿದ ಮುಖ ಹೇಗಿದೆ' ಅನ್ನುತ್ತಾರೆ. ಅದು ನಿಮ್ಮ ದನಿಗೆ ಹೆದರಿದ ಮುಖ ಕಣ್ರೀ. ನಾಯಿಗಳ ನಡವಳಿಕೆ ಅಧ್ಯಯನ ಮಾಡುವ ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ತೋರಿಸಿದರು. ತಿನ್ನಬೇಡ ಅಂದ ತಿಂಡಿಯನ್ನು ಮುಟ್ಟದ ನಾಯಿಯೂ ಬೈದರೆ ಅದೇ ಮುಖ ಮಾಡಿತು.

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ಅದು ಊಳಿಟ್ಟಿದ್ದು ನನಗೆ ನೆನಪಿಲ್ಲ. ಅಲ್ಲಿ ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಿದ್ದರು. ನಿಮ್ಮ ಫ್ಲಾಟಿನಲ್ಲಿ ಯಾರೂ ಇರುವುದಿಲ್ಲ. ಒಂಟಿಯಾಗಿರುವುದನ್ನು ನೀವೇ ಕಲಿಸಬೇಕು.

ಹೇಗೆ ಅಂದರೆ, ರಜೆಯ ದಿನ ಶುರು ಮಾಡಿ. ನಾಯಿಗೆ ಗಾಬರಿ ಹತ್ತುವುದು ಬೀಗದ ಕೈ ಸದ್ದಿಗೇ. ಬೀಗದ ಕೈ ತೆಗೆದು ಒಮ್ಮೆ ಅಲ್ಲಾಡಿಸಿ, ಹೋಗಿ ಹುರುಳಿಕಾಯಿ ಬಿಡಿಸುತ್ತಾ ಕೂತುಬಿಡಿ. ಅದರ ಮುಖ ನೋಡಬೇಡಿ, ಮುದ್ದಾಡಬೇಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಲ್ಲಾಡಿಸಿ. ಸದ್ದು ಕೇಳಿಯೂ ಅದು ತಲೆ ಎತ್ತದೆ ಮಲಗಿರುವ ತನಕ ಇಷ್ಟೇ ಕೆಲಸ. ಆಮೇಲೆ ಚಪ್ಪಲಿ. ಬಾಗಿಲ ಬಳಿ ಮೆಟ್ಟಿಕೊಂಡು ನಿಂತು, ಬಿಚ್ಚಿಟ್ಟು ಬನ್ನಿ. ಆಮೇಲೆ ಬ್ಯಾಗು, ಆಮೇಲೆ ಚಿಲಕ. ಕೊನೆಗೆ ಹೊರಗೆ ಕಾಲಿಟ್ಟು ಒಂದು ಉಸಿರಿನಲ್ಲಿ ಒಳಗೆ ಬನ್ನಿ. ಹೊರಗಿರುವ ಹೊತ್ತನ್ನು ಹದ ನೋಡಿಕೊಂಡು ಜಾಸ್ತಿ ಮಾಡಿ. ಕುಂಯ್ ಅಂದರೆ ನೀವು ಅವಸರ ಮಾಡಿದ್ದೀರಿ, ಚಪ್ಪಲಿಯಿಂದ ಮತ್ತೆ ಶುರು ಮಾಡಿ. ವಾರಗಟ್ಟಲೆ ಹಿಡಿಯಬಹುದು. ಅಷ್ಟು ದಿನ ಅದರ ಜೊತೆ ಯಾರನ್ನಾದರೂ ಕೂರಿಸಿ.

ಹೊರಡುವ ಮುಂಚೆ ಒಂದು ಹಳೇ ಟವೆಲ್ ಹಾಸಿ, ರಾಗಿ ರೊಟ್ಟಿಯ ಚೂರು ಉದುರಿಸಿ, ಸಡಿಲವಾಗಿ ಸುತ್ತಿ ಕೊಡಿ. ಅದು ಮೂಸಿ ಹುಡುಕಿ ತಿನ್ನುವಷ್ಟರಲ್ಲಿ ಸುಸ್ತಾಗುತ್ತದೆ. ರೊಟ್ಟಿಗೆ ಈರುಳ್ಳಿ ಹಾಕಿರಬಾರದು. ಒಣದ್ರಾಕ್ಷಿಯಂತೂ ವಿಷ.

ಹೆದರಿ ಉಚ್ಚೆ ಮಾಡಿದ ಕಡೆ ಫಿನೈಲ್ ಸುರಿಯಬೇಡಿ, ಅದನ್ನು ತುಳಿದ ನಾಯಿ ಕಾಲು ನೆಕ್ಕಿಕೊಳ್ಳುತ್ತದೆ. ನೀರು ಬೆರೆಸಿದ ವಿನೆಗರಿನಲ್ಲಿ ಒರೆಸಿ, ಮಾರ್ಬಲ್ ನೆಲಕ್ಕೆ ಮಾತ್ರ ಅದು ಬೇಡ. ಒರೆಸಿದ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಡುತ್ತೀರಲ್ಲ, ಅದಕ್ಕೇ ಮನೆಯೆಲ್ಲ ಮುಗ್ಗಲು ವಾಸನೆ. ಹಿಂಡಿ ಬಿಸಿಲಿಗೆ ಹಾಕಿ.

ನಾಯಿಮರಿ ಚಪ್ಪಲಿ ಕಚ್ಚಿದರೆ ಅದು ಬೇರೆ. ಸುಮಾರು 4ರಿಂದ 7 ತಿಂಗಳ ತನಕ ಹೊಸ ಹಲ್ಲು ಬರುತ್ತಿರುತ್ತದೆ. ಫ್ರಿಜ್ಜಿನ ಕ್ಯಾರೆಟ್ ಕೊಟ್ಟು, ಚಪ್ಪಲಿ ಮೇಲೆತ್ತಿಡಿ.

ಇನ್ನು ಗುರ್ ಅಂದಿದ್ದಕ್ಕೆ ಹೊಡೆಯುವವರಿದ್ದಾರೆ. ಹೊಡೆದು ಬಾಯಿ ಮುಚ್ಚಿಸಿದರೆ ಮುಂದೆ ಅದು ಗುರ್ ಅನ್ನದೆ ನೇರ ಕಚ್ಚುತ್ತದೆ. ಸಾಧು ನಾಯಿ ಇದ್ದಕ್ಕಿದ್ದಂತೆ ಗುರ್ ಅಂದರೆ ಕಿವಿಯಲ್ಲೋ ಸೊಂಟದಲ್ಲೋ ನೋವಿರಬಹುದು. ಹತ್ತಿರದ ವೈದ್ಯರಿಗೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ತೋರಿಸಿ, ಭಾನುವಾರದ ತನಕ ಕಾಯಬೇಡಿ.