ಹವೆಲ್ ದಾ: ದೊರೆಯ ಚರಿತ್ರೆಯನ್ನು ಬರೆಯುವ ಬಗೆ

ಬಾಗಲಕೋಟೆಯ ವಿದ್ಯಾರ್ಥಿಯೊಬ್ಬರು ಪ್ರಬಂಧಕ್ಕಾಗಿ ವೇಲ್ಸ್‌ನ ದೊರೆ ಹವೆಲ್ ದಾನನ್ನು ಆರಿಸಿಕೊಂಡರೆ, ಮೊದಲು ಐಹೊಳೆಯ ಮೇಗುಟಿ ಗುಡ್ಡವನ್ನು ಹತ್ತಿ ಬರುವುದು ಲೇಸು. ರವಿಕೀರ್ತಿಯ 634ರ ಶಾಸನವು ಇಮ್ಮಡಿ ಪುಲಕೇಶಿಯು ಹರ್ಷನನ್ನು ಸೋಲಿಸಿದ್ದನ್ನು ಕೊಂಡಾಡುತ್ತದೆ. ಎಂಟು ವರ್ಷಗಳ ಬಳಿಕ ಪಲ್ಲವರು ಬಾದಾಮಿಯನ್ನು ಹಿಡಿದ ಸಂಗತಿ ಅದರಲ್ಲಿರಲು ಸಾಧ್ಯವೇ ಇಲ್ಲ. ಯಾವ ಆಧಾರ ಯಾವ ಕಾಲದ್ದು, ಯಾರ ಆಶ್ರಯದಲ್ಲಿ ಹುಟ್ಟಿದ್ದು ಎಂದು ಕೇಳುವ ಅಭ್ಯಾಸ ಅಲ್ಲಿಂದಲೇ ಆರಂಭವಾಗಲಿ.

ಬಳಿಕ ಹಾಳೆಯ ನಡುವೆ ಗೆರೆಯೆಳೆದು, ಎಡಕ್ಕೆ ದೊರೆಯ ಬದುಕಿನ ಘಟನೆಗಳನ್ನು ಬರೆದುಕೊಳ್ಳಬೇಕು. ‘ಮಹಾನ್’ ಎಂದು ಹೆಸರಾದ ವೇಲ್ಸ್‌ನ ದೊರೆ ರೋಡ್ರಿಯ ಮೊಮ್ಮಗನಾದ ಹವೆಲ್ 928ರಲ್ಲಿ ರೋಮ್ ಯಾತ್ರೆ ಮಾಡಿದನು. ಇಂಗ್ಲೆಂಡಿನ ಅರಸ ಅಥೆಲ್‌ಸ್ಟನ್‌ನ ದಾನಪತ್ರಗಳಿಗೆ ಸಾಮಂತನೆಂಬ ನೆಲೆಯಲ್ಲಿ ಸಾಕ್ಷಿಯಾದನು. 942ರಲ್ಲಿ ಉತ್ತರ ವೇಲ್ಸ್‌ನ ಗ್ವಿನೆಡ್ ರಾಜ್ಯದ ದೊರೆ ಇಡ್ವಾಲ್ ಇಂಗ್ಲಿಷರಿಂದ ಹತನಾದಾಗ, ಆತನ ಮಕ್ಕಳನ್ನು ಹೊರಗಟ್ಟಿ ಆ ರಾಜ್ಯವನ್ನೂ ತನ್ನದಾಗಿಸಿಕೊಂಡನು. 950ರ ಸುಮಾರಿಗೆ ಅವನು ತೀರಿಕೊಂಡೊಡನೆ ಗ್ವಿನೆಡ್ ಮತ್ತೆ ಇಡ್ವಾಲ್‌ನ ಮಕ್ಕಳ ಪಾಲಾಯಿತು.

ಬಲಗಡೆಗೆ ಪರಂಪರೆ ಬರುತ್ತದೆ, ಎಚ್ಚರ ಹೆಚ್ಚು ಬೇಕಾದದ್ದು ಇಲ್ಲಿಯೇ. ವೇಲ್ಸ್‌ನ ಕಾನೂನುಗಳನ್ನು ಕ್ರೋಡೀಕರಿಸಿದ ಕೀರ್ತಿ ಹವೆಲ್‌ನದು. ವೇಲ್ಸ್‌ನ ವಿಟ್‌ಲ್ಯಾಂಡ್ ಎಂಬ ಊರಿನಲ್ಲಿ ಅವನು ಸಭೆ ಕರೆದನೆಂದು ಆ ಕಾನೂನು ಗ್ರಂಥಗಳ ಪೀಠಿಕೆಗಳು ಹೇಳುತ್ತವೆ. ಆದರೆ ಉಳಿದಿರುವ ಹಸ್ತಪ್ರತಿಗಳು ಅವನಿಗಿಂತ ಸುಮಾರು ಮುನ್ನೂರು ವರ್ಷ ಈಚಿನವು. ಹಾಗೆಂದು ಅವುಗಳನ್ನು ತಳ್ಳಿಹಾಕುವಂತಿಲ್ಲ. ಕೊಲೆಯಾದವನ ಬಂಧುಗಳಿಗೆ ಕೊಂದವನ ಬಂಧುಗಳೆಲ್ಲ ಸೇರಿ ತೆರಬೇಕಾದ ಪರಿಹಾರ, ಏಳು ವರ್ಷಗಳ ದಾಂಪತ್ಯದ ಬಳಿಕ ಬೇರೆಯಾದ ಹೆಣ್ಣಿಗೆ ಸಲ್ಲುವ ಅರ್ಧ ಆಸ್ತಿ, ಇಲಿ ಹಿಡಿಯುವ ಬೆಕ್ಕಿಗೆ ನಾಲ್ಕು ಪೆನ್ನಿಯ ಬೆಲೆ ಮುಂತಾದ ವಿಧಿಗಳಿಂದ ಅಂದಿನ ಊರಿನ ಬದುಕು ಕಣ್ಣಿಗೆ ಕಟ್ಟುತ್ತದೆ. (ಬೆಕ್ಕಿನ ಬೆಲೆಯನ್ನು ಬಿಟ್ಟು ಬರೆದ ಪ್ರಬಂಧ ನನ್ನ ಮಟ್ಟಿಗೆ ಸಪ್ಪೆ.) ಯಾವ ವಿಧಿ ಹವೆಲ್‌ನದು, ಯಾವುದು ನಂತರ ಸೇರಿದ್ದು ಎಂದು ಒತ್ತಾಯದಿಂದ ತೀರ್ಮಾನಿಸದೆ, ‘ಹವೆಲ್‌ನ ಹೆಸರಿನಲ್ಲಿ ಬಂದ ಕಾನೂನು’ ಎಂದು ಬರೆದರೆ ಸತ್ಯಕ್ಕೆ ಭಂಗ ಬರುವುದಿಲ್ಲ. ಈ ಕಾನೂನುಗಳಿಗೆ ತೆರೆ ಬಿದ್ದದ್ದು ಎಂಟನೆಯ ಹೆನ್ರಿಯ ಕಾಲದಲ್ಲಿ, 1536 ಮತ್ತು 1543ರ ಇಂಗ್ಲಿಷ್ ಸಂಸತ್ತಿನ ಕಾಯಿದೆಗಳಿಂದ.

ಕೊನೆಗೆ ಬಿರುದಿನ ಸ್ಥಾನವನ್ನು ನಿರ್ಧರಿಸಬೇಕು. ‘ದಾ’ ಎಂದರೆ ಒಳ್ಳೆಯವನು. ಅವನ ಹೆಸರಿನ ಒಂದೇ ಒಂದು ಬೆಳ್ಳಿ ನಾಣ್ಯ ದೊರೆತಿದ್ದು, ಅದರ ಮೇಲೆ ‘ಹವೆಲ್, ಅರಸ’ ಎಂದಷ್ಟೇ ಇದೆ. ನಾಣ್ಯವನ್ನು ಎಡಕ್ಕೂ ಬಿರುದನ್ನು ಬಲಕ್ಕೂ ಬರೆಯಿರಿ.