ಮೀಟರಿನ 180, ಅಲೆಯ 230

ಹಾಸನದಲ್ಲಿ ನಾನು ಇನ್ವರ್ಟರ್, ಸ್ಟೆಬಿಲೈಸರ್ ರಿಪೇರಿಯ ಅಂಗಡಿ ತೆರೆದು ಎರಡು ವರ್ಷವಾಗಿತ್ತು. ಆಗ ನನ್ನ ಬಳಿ ಅಳತೆಗೆಂದು ಇದ್ದದ್ದು ಒಂದೇ ಒಂದು ಡಿಜಿಟಲ್ ಮಲ್ಟಿಮೀಟರ್. ಗೋಡೆಯ ಸಾಕೆಟ್ಟಿಗೆ ಇಟ್ಟರೆ 228, 232 ಎಂದು ಚೆನ್ನಾಗಿಯೇ ತೋರಿಸುತ್ತಿತ್ತು. ಹಾಗಾಗಿ ಅದು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬುತ್ತಿದ್ದೆ.

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಮನೆಯ ಇನ್ವರ್ಟರ್ ತಂದರು. ಚಾರ್ಜಿಂಗ್ ರಿಲೇ ಸುಟ್ಟಿತ್ತು, ಬದಲಾಯಿಸಿದೆ. ಕೊಡುವ ಮುನ್ನ ಔಟ್‌ಪುಟ್ ಅಳೆದರೆ ಮೀಟರ್ 180 ತೋರಿಸಿತು. ಐವತ್ತು ವೋಲ್ಟ್ ಕಡಿಮೆ ಎಂದುಕೊಂಡು ಒಳಗಿನ ಪ್ರೀಸೆಟ್ (ಔಟ್‌ಪುಟ್ ಹೆಚ್ಚುಕಡಿಮೆ ಮಾಡುವ ಚಿಕ್ಕ ತಿರುಪು) ತಿರುಗಿಸಿ 230ಕ್ಕೆ ತಂದು ಕಳಿಸಿದೆ.

ವಾರದೊಳಗೆ ಮೇಷ್ಟ್ರು ಮತ್ತೆ ಬಂದರು. “ಏನಪ್ಪಾ, ನೀನು ರಿಪೇರಿ ಮಾಡಿಕೊಟ್ಟ ಮೇಲೆ ಎರಡು ಬಲ್ಬ್ ಹೋದವು. ಕರೆಂಟು ಹೋದಾಗ ಫ್ಯಾನು ಗುಂಯ್‌ಗುಟ್ಟುತ್ತದೆ, ಮೊದಲು ಇಷ್ಟಿರಲಿಲ್ಲ” ಎಂದರು. ಮೀಟರ್ ಇಟ್ಟು ತೋರಿಸಿದೆ, 230 ಸರಿಯಾಗಿಯೇ ಇತ್ತು. ಅವರು ಮೀಟರನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಡಿಪ್ಲೊಮಾ ಓದುವಾಗ ಬಾಯಿಪಾಠ ಮಾಡಿದ್ದ ವಿಷಯದ ಅರ್ಥ ತಿಳಿದದ್ದು ಆಗಲೇ. ಮನೆಗೆ ಬರುವ 230 ವೋಲ್ಟ್ ಎನ್ನುವುದು ಆರ್‌ಎಂಎಸ್ ಮೌಲ್ಯ. ಇಸ್ತ್ರಿಪೆಟ್ಟಿಗೆಯನ್ನು 230 ವೋಲ್ಟಿನ ನೇರ ವಿದ್ಯುತ್ (ಡಿಸಿ) ಎಷ್ಟು ಬಿಸಿ ಮಾಡುತ್ತದೆಯೋ ಅಷ್ಟೇ ಬಿಸಿ ಮಾಡುವ ಅಲೆ ಎಂದು ಅದರ ಅರ್ಥ. ಅಲೆಯಾದರೋ 20 ಮಿಲಿಸೆಕೆಂಡಿಗೊಮ್ಮೆ ಸೊನ್ನೆಯಿಂದ ಏರಿ 325 ವೋಲ್ಟ್ ಮುಟ್ಟಿ, ಇಳಿದು, ಮೈನಸ್ 325ರವರೆಗೂ ಹೋಗಿ ಬರುತ್ತದೆ. ಸೈನ್ ಅಲೆಯ ತುದಿಯನ್ನು 1.414ರಿಂದ ಭಾಗಿಸಿದರೆ ಆರ್‌ಎಂಎಸ್ ಸಿಗುತ್ತದೆ.

ಸಾಮಾನ್ಯ ಮಲ್ಟಿಮೀಟರ್ ಆರ್‌ಎಂಎಸ್ ಅಳೆಯುವುದೇ ಇಲ್ಲ. ಅಲೆಯ ಕೆಳಭಾಗವನ್ನು ಮೇಲಕ್ಕೆ ಮಡಿಚಿ, ಅದರ ಸರಾಸರಿ ತೆಗೆದು, 1.11ರಿಂದ ಗುಣಿಸಿ ತೋರಿಸುತ್ತದೆ. ಈ 1.11 ಸೈನ್ ಅಲೆಗೆ ಮಾತ್ರ ಹೊಂದುವ ಸಂಖ್ಯೆ. ಸೈನ್ ಅಲೆಯ ಸರಾಸರಿ ತುದಿಯ 0.637 ಪಟ್ಟು, ಆರ್‌ಎಂಎಸ್ 0.707 ಪಟ್ಟು. ಆರ್‌ಎಂಎಸ್ಸನ್ನು ಸರಾಸರಿಯಿಂದ ಭಾಗಿಸಿದರೆ ಬರುವುದೇ ಆ 1.11. ಪೂರ್ತಿ ಚೌಕ ಅಲೆ ಕೊಟ್ಟರೆ ಮೀಟರ್ ನೂರಕ್ಕೆ ಹನ್ನೊಂದರಷ್ಟು ಹೆಚ್ಚು ಹೇಳುತ್ತದೆ. ನಡುನಡುವೆ ಸೊನ್ನೆಯಲ್ಲಿ ನಿಲ್ಲುವ ಚೌಕ ಅಲೆಗೆ ಕಡಿಮೆ ಹೇಳಬಹುದು. ಮೇಷ್ಟ್ರ ಇನ್ವರ್ಟರ್ ಈ ಎರಡನೆಯ ಜಾತಿಯದು ಎಂಬ ಅನುಮಾನ ಬಂತು. ಆದರೆ ಕಣ್ಣಾರೆ ಕಾಣದೆ ಪ್ರೀಸೆಟ್ಟನ್ನು ಮತ್ತೆ ಮುಟ್ಟಬಾರದು ಎಂದು ನಿರ್ಧರಿಸಿದೆ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಎರಡು ಚಾನೆಲ್ ಇರುವ 20 ಮೆಗಾಹರ್ಟ್ಸ್‌ನ ಹಳೆಯ ಆಸಿಲೋಸ್ಕೋಪ್, ಅಂದರೆ ವಿದ್ಯುತ್ತಿನ ಅಲೆಯನ್ನು ಪರದೆಯ ಮೇಲೆ ಬಿಡಿಸಿ ತೋರಿಸುವ ಯಂತ್ರ, ಒಂದನ್ನು ತಂದೆ. ಹಸಿರು ಪರದೆಯ, ಮಗುವಿನಷ್ಟು ಭಾರದ ಪೆಟ್ಟಿಗೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ಬಂದೆ.

ಗೋಡೆಯ ವಿದ್ಯುತ್ತಿಗೆ ನೇರವಾಗಿ ಪ್ರೋಬ್ (ಸ್ಕೋಪಿನ ಅಳತೆಯ ತಂತಿ) ಇಡುವ ಧೈರ್ಯ ಮಾಡಲಿಲ್ಲ. 12 ವೋಲ್ಟಿನ ಚಿಕ್ಕ ಟ್ರಾನ್ಸ್‌ಫಾರ್ಮರನ್ನು ನಡುವೆ ಹಾಕಿದೆ. ಅದರಿಂದ ಹೊರಬರುವ ವೋಲ್ಟೇಜ್ ಕಡಿಮೆ, ಗೋಡೆಯ ವಿದ್ಯುತ್ತಿನಿಂದ ಬೇರ್ಪಟ್ಟೂ ಇರುತ್ತದೆ. ಚಾನೆಲ್ಲನ್ನು ಮೊದಲು ಗ್ರೌಂಡಿಗೆ ಹಾಕಿ ಗೆರೆಯನ್ನು ಪರದೆಯ ನಟ್ಟನಡುವೆ ಕೂರಿಸಿದೆ. ಆಮೇಲೆ ಅಲೆಯನ್ನು ಇದ್ದಂತೆಯೇ ಒಳಬಿಡುವ ಡಿಸಿ ಕಪ್ಲಿಂಗ್, ಪರದೆಯ ಚೌಕಗಳಲ್ಲಿ ಎತ್ತರಕ್ಕೆ ಒಂದು ಮನೆಗೆ 10 ವೋಲ್ಟ್, ಅಡ್ಡಕ್ಕೆ ಒಂದು ಮನೆಗೆ 5 ಮಿಲಿಸೆಕೆಂಡ್. ಅಲೆ ಅಲುಗದೆ ನಿಂತಿತು. ಒಂದು ಸುತ್ತು ಸರಿಯಾಗಿ ನಾಲ್ಕು ಮನೆ, ಅಂದರೆ 20 ಮಿಲಿಸೆಕೆಂಡ್, 50 ಹರ್ಟ್ಸ್. ಎತ್ತರ ತುದಿಯಿಂದ ತುದಿಗೆ ಮೂರು ಮನೆ ಮತ್ತು ಮೂರು ಚಿಕ್ಕ ಗೀಟು. ಒಂದು ಗೀಟಿಗೆ 2 ವೋಲ್ಟ್, ಒಟ್ಟು 36. ಅರ್ಧ ಮಾಡಿದರೆ 18, 1.414ರಿಂದ ಭಾಗಿಸಿದರೆ 12.7. ಮಲ್ಟಿಮೀಟರ್ ಇಟ್ಟೆ: 12.7! ಆ ಕ್ಷಣದ ಸಂತೋಷ ಇಂದಿಗೂ ನೆನಪಿದೆ.

ಗೋಡೆಯ ಅಲೆಯ ನೆತ್ತಿ ಪುಸ್ತಕದ ಚಿತ್ರದ ಹಾಗೆ ದುಂಡಗಿರಲಿಲ್ಲ, ತುಸು ಚಪ್ಪಟೆಯಾಗಿತ್ತು. ಟಿವಿ, ಕಂಪ್ಯೂಟರುಗಳ ಪವರ್ ಸಪ್ಲೈಗಳು ಅಲೆಯ ತುದಿಯಲ್ಲಿ ಮಾತ್ರ ವಿದ್ಯುತ್ ಎಳೆಯುವುದರಿಂದ ಹೀಗಾಗುತ್ತದೆ. ಇಷ್ಟು ಚಪ್ಪಟೆಗೆ ಲೆಕ್ಕ ಹೆಚ್ಚು ತಪ್ಪುವುದಿಲ್ಲ.

ಅದೇ ಟ್ರಾನ್ಸ್‌ಫಾರ್ಮರನ್ನು ಮೇಷ್ಟ್ರ ಇನ್ವರ್ಟರಿಗೆ ಸಿಕ್ಕಿಸಿ, ಒಂದು ಮನೆಗೆ 2 ಮಿಲಿಸೆಕೆಂಡಿಗೆ ತಿರುಗಿಸಿದೆ. ಗೋಡೆಯಂತೆ ನೇರವಾಗಿ ಏರಿ, ಸಮತಟ್ಟಾಗಿ ನಡೆದು, ಧೊಪ್ಪನೆ ಸೊನ್ನೆಗೆ ಬಿದ್ದು, ಕೊಂಚ ಹೊತ್ತು ಅಲ್ಲೇ ಇದ್ದು ಕೆಳಗಿಳಿಯುವ ಅಲೆ. ಎತ್ತರ ಗೋಡೆಯ ಅಲೆಯಷ್ಟೇ, 18 ವೋಲ್ಟ್. ಅಂದರೆ ಇನ್ವರ್ಟರಿನ ಕಡೆ 325. ಅಗಲ ಸುಮಾರು 3.2 ಮನೆ, ಅಂದರೆ ಅರ್ಧ ಸುತ್ತಿನ 10 ಮಿಲಿಸೆಕೆಂಡಿನಲ್ಲಿ 6.4 ಮಿಲಿಸೆಕೆಂಡ್. ಇಂಥ ಅಲೆಗೆ ಆರ್‌ಎಂಎಸ್ ಬೇಕೆಂದರೆ ಎತ್ತರವನ್ನು 0.64ರ ವರ್ಗಮೂಲದಿಂದ ಗುಣಿಸಬೇಕು. 325ನ್ನು 0.8ರಿಂದ ಗುಣಿಸಿದರೆ 260 ವೋಲ್ಟ್! ಬಲ್ಬ್ ಸುಟ್ಟದ್ದು ಇದಕ್ಕೆ. ಮೇಷ್ಟ್ರ ಮನೆಯ ಎರಡು ಬಲ್ಬುಗಳ ದುಡ್ಡು ನನ್ನ ಲೆಕ್ಕಕ್ಕೇ ಸೇರಬೇಕಿತ್ತು, ಸೇರಿಸಿದೆ.

ಪ್ರೀಸೆಟ್ ಹಿಂದಕ್ಕೆ ತಿರುಗಿಸುತ್ತ ಅಗಲವನ್ನು 5 ಮಿಲಿಸೆಕೆಂಡಿಗೆ ಇಳಿಸಿದೆ. ಲೆಕ್ಕದಲ್ಲಿ 230 ಬಂತು. ಮಲ್ಟಿಮೀಟರ್ ಮತ್ತೆ ಅದೇ 180 ಹೇಳಿತು. ಮುಂದೆ ಇದನ್ನು ಬಿಚ್ಚುವವರಿಗಾಗಿ “ಸಾಮಾನ್ಯ ಮೀಟರಿನಲ್ಲಿ 180 ಸರಿ, ಪ್ರೀಸೆಟ್ ಮುಟ್ಟಬೇಡಿ” ಎಂದು ಬರೆದ ಚೀಟಿಯನ್ನು ಮುಚ್ಚಳದ ಒಳಗೆ ಅಂಟಿಸಿ ಕಳಿಸಿದೆ.

ಈಗ ನನ್ನ ಬಳಿ ಸೈನ್ ಅಲ್ಲದ ಅಲೆಗೂ ನಿಜವಾದ ಆರ್‌ಎಂಎಸ್ ತೋರಿಸುವ ಟ್ರೂ ಆರ್‌ಎಂಎಸ್ ಮೀಟರ್ ಇದೆ. ಇಂಥ ಕೆಲಸ ಮಾಡುವವರು ಬೇರೆ ಯಾವುದಕ್ಕೂ ಮೊದಲು ಅದನ್ನು ಕೊಳ್ಳಬೇಕು ಎನ್ನುತ್ತೇನೆ. ಆದರೂ ಅಲೆಯ ಆಕಾರ ನೋಡದೆ ಯಾವ ಇನ್ವರ್ಟರನ್ನೂ ಮರಳಿಸುವುದಿಲ್ಲ. ಪವರ್ ಸಪ್ಲೈ ಕಟ್ಟುವಾಗಲೂ ತುದಿಯ ಲೆಕ್ಕವನ್ನೇ ಹಿಡಿಯುತ್ತೇನೆ. 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಎಂದು 16 ವೋಲ್ಟಿನ ಕೆಪಾಸಿಟರ್ ಹಾಕಿದರೆ, ಲೋಡ್ ಇಲ್ಲದಾಗ ಅದರ ಮಿತಿ ದಾಟಿಹೋಗುತ್ತದೆ. 25 ವೋಲ್ಟಿನದೇ ಬೇಕು.

ಅಂಗಡಿಗೆ ಕಲಿಯಲು ಬರುವ ಹುಡುಗರಿಗೆ ಪ್ರೋಬಿನ ಸ್ವಿಚ್ ತೋರಿಸಿಯೇ ಪಾಠ ಶುರು ಮಾಡುತ್ತೇನೆ. ಅದು ವೋಲ್ಟೇಜನ್ನು ಹತ್ತರಲ್ಲೊಂದಕ್ಕೆ ಇಳಿಸುವ ಹತ್ತು ಪಟ್ಟಿನಲ್ಲಿದ್ದು ಸ್ಕೋಪ್ ಒಂದು ಪಟ್ಟಿನಲ್ಲಿದ್ದರೆ 18 ವೋಲ್ಟ್ 1.8 ಆಗಿ ಕಾಣುತ್ತದೆ. ಆಮೇಲೆ ಹೇಳುವುದು ಕಪ್ಪು ಕ್ಲಿಪ್ಪಿನ ಬಗ್ಗೆ. ಅದು ಸ್ಕೋಪಿನ ಮೈಯ ಮೂಲಕ ಅರ್ತಿಂಗಿಗೆ ಸೇರಿರುತ್ತದೆ. ಫೇಸಿಗೆ ಕಚ್ಚಿಸಿದರೆ ಅದು ನೇರ ಶಾರ್ಟ್. ಕೆಲವರು ಸ್ಕೋಪಿನ ಅರ್ತ್ ಪಿನ್ ಕತ್ತರಿಸಿ ಕೆಲಸ ಮಾಡುತ್ತಾರೆ. ಆಗ ಸ್ಕೋಪಿನ ಮೈಯೇ ಫೇಸ್ ಆಗಿಬಿಡುತ್ತದೆ, ಮುಟ್ಟಿದವರು ಉಳಿಯುವ ಭರವಸೆಯಿಲ್ಲ. ನೇರವಾಗಿ ನೋಡಲೇಬೇಕಾದಾಗ ನಾನು 600 ವೋಲ್ಟ್ ತಾಳುವ, ಹತ್ತು ಪಟ್ಟಿನ ಎರಡು ಪ್ರೋಬ್ ಹಿಡಿದು, ಎರಡೂ ಕಪ್ಪು ಕ್ಲಿಪ್ಪುಗಳನ್ನು ಬಿಚ್ಚಿಡುತ್ತೇನೆ. ಒಂದು ಪ್ರೋಬ್ ಫೇಸಿಗೆ, ಇನ್ನೊಂದು ನ್ಯೂಟ್ರಲಿಗೆ. ಸ್ಕೋಪಿನಲ್ಲಿ ಮೊದಲ ಚಾನೆಲ್ಲಿನಿಂದ ಎರಡನೆಯದನ್ನು ಕಳೆಯುತ್ತೇನೆ, ಒಂದು ಕೈ ಜೇಬಿನಲ್ಲಿಟ್ಟುಕೊಂಡು.