ಕೋರ್ಟಿಗೆ ಒಂದೇ ಬಾಕಿ ಬಿಟ್ಟು ಚಿಕ್ಕಪ್ಪನವರ ಆಸ್ತಿಯನ್ನು ಹಂಚಿದ ಬಗೆ

ಉಯಿಲಿಲ್ಲ, ಹೆಚ್ಚಿನ ಖಾತೆಗಳಿಗೆ ನಾಮಿನಿಯಿಲ್ಲ, ತೀರಿಕೊಂಡವರು ಅವಿವಾಹಿತರು. ಇಂಥ ಸಂದರ್ಭದಲ್ಲಿ ಇರುವುದನ್ನೆಲ್ಲ ಒಂದೇ ಪಟ್ಟಿ ಮಾಡಿ ಸಕ್ಸೆಷನ್ ಸರ್ಟಿಫಿಕೇಟಿಗೆ (ಮೃತರಿಗೆ ಬರಬೇಕಾದ ಹಣವನ್ನು ಪಡೆಯುವ ಹಕ್ಕು ಯಾರಿಗೆಂದು ನ್ಯಾಯಾಲಯ ಕೊಡುವ ಪ್ರಮಾಣಪತ್ರ) ಅರ್ಜಿ ಹಾಕುವುದೇ ದಾರಿಯೆಂದು ವಿರಾಜಪೇಟೆಯಲ್ಲಿ ನಾನು ಕೇಳಿದವರೆಲ್ಲರೂ ಹೇಳಿದರು. ವಕೀಲರೊಬ್ಬರು ಶುಲ್ಕ, ಫೀಸು, ಓಡಾಟವೆಲ್ಲ ಸೇರಿಸಿ ಹೆಚ್ಚುಕಡಿಮೆ ಎರಡು ಲಕ್ಷ ರೂಪಾಯಿ ತಗಲಬಹುದೆಂದು ಅಂದಾಜು ಕೊಟ್ಟರು. ನಾನು ಹಾಗೆ ಮಾಡಲಿಲ್ಲ. ನ್ಯಾಯಾಲಯವಿಲ್ಲದೆ ಕೈಗೆ ಬಾರದ ಒಂದೇ ಒಂದು ಬಾಕಿಯನ್ನು ಮಾತ್ರ ಅಲ್ಲಿಗೆ ಒಯ್ದು, ಉಳಿದದ್ದನ್ನು ಆಯಾ ಸಂಸ್ಥೆಯ ನಿಯಮದೊಳಗೇ ಬಿಡಿಬಿಡಿಯಾಗಿ ವಸೂಲು ಮಾಡಿದೆ. ತೋಟ ಬಿಟ್ಟು ಸುಮಾರು 28 ಲಕ್ಷ ರೂಪಾಯಿಯ ಬಾಬತ್ತು. ಎಲ್ಲ ಸೇರಿ ಖರ್ಚು 60 ಸಾವಿರದ ಆಸುಪಾಸು. ಆಗದೆಂದು ತಲೆಯಾಡಿಸಿದವರಲ್ಲಿ ಇಬ್ಬರು ಈಗ ನನ್ನ ಕಡತದ ನಕಲು ಕೇಳಿದ್ದಾರೆ. ವಂಶವೃಕ್ಷ, ಇಂಡೆಮ್ನಿಟಿ ಬಾಂಡ್ (ಮುಂದೆ ನಷ್ಟವಾದರೆ ತುಂಬಿಕೊಡುವೆವೆಂಬ ಮುಚ್ಚಳಿಕೆ), ಪೌತಿ ಖಾತೆ (ಮೃತರ ಜಮೀನನ್ನು ವಾರಸುದಾರರ ಹೆಸರಿಗೆ ದಾಖಲಿಸುವುದು) ಏನೆಂದು ಬಲ್ಲವರಿಗಾಗಿ ಇದನ್ನು ಬರೆದಿದ್ದೇನೆ. ಅವುಗಳ ಹೆಚ್ಚಿನ ವಿವರಣೆ ಇಲ್ಲಿಲ್ಲ.

ವಾರಸುದಾರರು ಯಾರೆಂಬುದನ್ನು ಮೊದಲೇ ಖಚಿತ ಮಾಡಿಕೊಳ್ಳಬೇಕಾಗಿತ್ತು. ಚಿಕ್ಕಪ್ಪನವರು ಸೈನ್ಯದಿಂದ ನಿವೃತ್ತರಾಗಿ ಊರಲ್ಲಿದ್ದವರು. ಅವರಿಗೆ ಬದುಕಿರುವ ಅಣ್ಣನೆಂದರೆ ನಮ್ಮ ತಂದೆ, ಜೊತೆಗೆ ಇಬ್ಬರು ಅತ್ತೆಯಂದಿರು. ಇನ್ನೊಬ್ಬ ದೊಡ್ಡಪ್ಪನವರು ಮೊದಲೇ ತೀರಿಹೋಗಿದ್ದು, ಅವರಿಗೆ ಇಬ್ಬರು ಗಂಡುಮಕ್ಕಳಿದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಎರಡನೇ ವರ್ಗದಲ್ಲಿ ಸಹೋದರ, ಸಹೋದರಿಯರು ಎರಡನೇ ನಮೂದಿನಲ್ಲಿದ್ದರೆ, ಸಹೋದರನ ಮಕ್ಕಳು ನಾಲ್ಕನೆಯದರಲ್ಲಿದ್ದಾರೆ. ಮೇಲಿನ ನಮೂದಿನಲ್ಲಿ ಒಬ್ಬರು ಬದುಕಿದ್ದರೂ ಕೆಳಗಿನವರಿಗೆ ಹಕ್ಕು ಬರುವುದಿಲ್ಲ. ಆದ್ದರಿಂದ ಕಾನೂನಿನ ಪ್ರಕಾರ ವಾರಸುದಾರರು ಮೂವರೇ. ದೊಡ್ಡಪ್ಪನವರ ಮಕ್ಕಳನ್ನೂ ವಾರಸುದಾರರೆಂದು ಅರ್ಜಿಯಲ್ಲಿ ಸೇರಿಸಬೇಕೆಂದು ಮನೆಯಲ್ಲಿ ಒತ್ತಾಯವಿತ್ತು; ಹಾಗೆ ಸೇರಿಸಿದರೆ ಅರ್ಜಿ ಮೊದಲ ಮೇಜಿನಲ್ಲೇ ನಿಲ್ಲುತ್ತದೆಂದು ನಾನು ಒಪ್ಪಲಿಲ್ಲ. ಮೂವರ ಹೆಸರಿಗೆ ಹಣ ಬಂದ ಮೇಲೆ ಅವರ ಇಷ್ಟದಂತೆ ಆ ಹುಡುಗರಿಗೆ ಕೊಡುವುದೆಂದು ತೀರ್ಮಾನವಾಯಿತು. ಒಕ್ಕದ ಜಮ್ಮಾ ಭೂಮಿಯನ್ನು, ಅಂದರೆ ಇಡೀ ಕುಲಕ್ಕೆ ಸೇರಿದ ವಂಶಪಾರಂಪರ್ಯದ ಜಮೀನನ್ನು, ಈ ಲೆಕ್ಕದಿಂದ ಪೂರ್ತಿ ಹೊರಗಿಟ್ಟೆ. ಅದಕ್ಕೆ ಕೈಹಾಕಿದ್ದರೆ ಬ್ಯಾಂಕಿನ ಹಣವೂ ಅದರ ಜೊತೆಗೇ ಸಿಕ್ಕಿಕೊಳ್ಳುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಹೆಸರು. ಪಹಣಿಯಲ್ಲಿ ಮನೆ ಹೆಸರು ಪೂರ್ಣವಾಗಿ ಮೊದಲು ಬಂದಿದೆ; ಸೈನ್ಯದ ದಾಖಲೆಯಲ್ಲಿ ಅದು ಒಂದಕ್ಷರದ ಇನಿಷಿಯಲ್ ಆಗಿದೆ; ಆಧಾರ್‌ನಲ್ಲಿ ಹೆಸರಿನ ಕೊನೆಗೆ ಹೋಗಿದೆ. ಸೊಸೈಟಿಯ ಪುಸ್ತಕದಲ್ಲಂತೂ ಮನೆ ಹೆಸರೇ ಇಲ್ಲ. ಕೊಡಗಿನಲ್ಲಿ ಈ ಕೆಲಸ ಮಾಡಿದ ಯಾರಿಗೂ ಇದು ಹೊಸದಲ್ಲ. ಪ್ರತಿ ಸಂಸ್ಥೆಗೆ ಬೇರೆ ಬೇರೆ ಅಫಿಡವಿಟ್ ಕೊಡುವ ಬದಲು, ಎಲ್ಲ ರೂಪಗಳನ್ನೂ ಒಂದೇ ಕೋಷ್ಟಕದಲ್ಲಿಟ್ಟು, ಯಾವ ದಾಖಲೆಯಲ್ಲಿ ಯಾವ ರೂಪವಿದೆಯೆಂದು ಎದುರಿಗೇ ಬರೆದು, ಮೂವರೂ ವಾರಸುದಾರರು ಸಹಿ ಮಾಡಿದ ಒಂದೇ ಅಫಿಡವಿಟ್ಟನ್ನು ಎಲ್ಲ ಕಡೆ ಕೊಟ್ಟೆ. ಒಬ್ಬ ಅಧಿಕಾರಿ ಒಪ್ಪಿಕೊಂಡು ಮೊಹರು ಹಾಕಿದ ಪ್ರತಿಯನ್ನು ಕಂಡ ಮೇಲೆ ಮುಂದಿನವರಿಗೆ ಧೈರ್ಯ ಬರುತ್ತದೆ. ಆದ್ದರಿಂದ ಮೊದಲ ಮೊಹರನ್ನು ಯಾವ ಮೇಜಿನಿಂದ ಪಡೆಯಬೇಕೆಂಬುದು ಮುಖ್ಯ. ನಾನು ಎಲ್ಲಿಂದ ಆರಂಭಿಸಿದೆನೆಂಬುದನ್ನು ಇಲ್ಲಿ ಹೇಳುವುದಿಲ್ಲ.

ಸಹಿಗಳನ್ನು ಪುತ್ತರಿಯ ಮರುದಿನಕ್ಕೆ ಇಟ್ಟುಕೊಂಡೆ. ಅತ್ತೆಯಂದಿರಲ್ಲಿ ಒಬ್ಬರು ಮೈಸೂರಿನಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ. ಕಾಗದವನ್ನು ಅಂಚೆಯಲ್ಲಿ ಸುತ್ತಿಸಿದರೆ ಒಂದು ಸಹಿ ಬರುವಷ್ಟರಲ್ಲಿ ಇನ್ನೊಂದರ ಸ್ಟಾಂಪ್ ಪೇಪರ್ ಹಳೆಯದಾಗುತ್ತದೆ. ಹಬ್ಬಕ್ಕೆ ಎಲ್ಲರೂ ಐನ್‌ಮನೆಗೆ (ಕುಲದ ಮೂಲಮನೆಗೆ) ಬರುವುದರಿಂದ, ಇ-ಸ್ಟಾಂಪ್ ಕಾಗದಗಳನ್ನು ಮೊದಲೇ ತಂದು, ಪ್ರತಿ ಸಂಸ್ಥೆಯ ನಮೂನೆಯನ್ನು ಟೈಪು ಮಾಡಿಸಿಟ್ಟು, ನೋಟರಿಯವರನ್ನು ಮನೆಗೇ ಕರೆಸಿದೆ. ಅವರಿಗೆ ಕೊಟ್ಟದ್ದು, ಸ್ಟಾಂಪ್, ಟೈಪು ಎಲ್ಲ ಸೇರಿ ಹತ್ತು ಸಾವಿರಕ್ಕೆ ಹತ್ತಿರ ಆಯಿತು. ಈ ಹಣದ ಬಗ್ಗೆ ನನಗೆ ಎಳ್ಳಷ್ಟೂ ವಿಷಾದವಿಲ್ಲ.

ಬ್ಯಾಂಕಿನಲ್ಲಿ ಠೇವಣಿ, ಉಳಿತಾಯ ಸೇರಿ 11 ಲಕ್ಷದಷ್ಟಿತ್ತು. ಆರಂಭದಲ್ಲಿ ಶಾಖೆಯವರು ಸಕ್ಸೆಷನ್ ಸರ್ಟಿಫಿಕೇಟಿಲ್ಲದೆ ಆಗದೆಂದರು; ಆಮೇಲೆ ಆಸ್ತಿಯುಳ್ಳ ಇಬ್ಬರು ಜಾಮೀನುದಾರರನ್ನು ತನ್ನಿ ಎಂದರು. ನನ್ನ ಅರ್ಜಿ ಎರಡು ಸಲ ಹಿಂದಕ್ಕೆ ಬಂತು. ಅಷ್ಟರಲ್ಲಿ, 2025ರ ಸೆಪ್ಟೆಂಬರ್‌ನಲ್ಲಿ, ರಿಸರ್ವ್ ಬ್ಯಾಂಕ್ ಮೃತ ಗ್ರಾಹಕರ ಕ್ಲೇಮುಗಳ ಬಗ್ಗೆ ಹೊಸ ನಿರ್ದೇಶನ ಹೊರಡಿಸಿತು. ನಾಮಿನಿಯಿಲ್ಲದ ಖಾತೆಗಳಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕುಗಳಾದರೆ 5 ಲಕ್ಷದವರೆಗೆ, ಸರಳ ಕಾಗದಗಳ ಮೇಲೆ ಹಣ ಕೊಡಬೇಕು. ಆ ಮಿತಿಯೊಳಗೆ ಹೊರಗಿನವರ ಜಾಮೀನು ಕೇಳುವಂತಿಲ್ಲ. ಪೂರ್ಣ ಕಾಗದಗಳು ತಲುಪಿದ 15 ದಿನಗಳಲ್ಲಿ ಇತ್ಯರ್ಥವಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೇಲೆ ಶೇ. 4 ಸೇರಿಸಿ ಬಡ್ಡಿ ಕೊಡಬೇಕು. ಬ್ಯಾಂಕುಗಳಿಗೆ ಇದನ್ನು ಅಳವಡಿಸಿಕೊಳ್ಳಲು 2026ರ ಮಾರ್ಚ್ 31ರವರೆಗೆ ಗಡುವಿತ್ತು. ಅವರು ಅಳವಡಿಸಿಕೊಂಡರೆಂದು ತಿಳಿದ ವಾರವೇ ಅದೇ ಕಡತವನ್ನು ಹೊಸ ಮುಖಪತ್ರದೊಂದಿಗೆ ಕೊಟ್ಟೆ. ಎರಡು ವಾರದೊಳಗೆ ಹಣ ಜಮೆಯಾಯಿತು. ಮುಖಪತ್ರದ ಒಕ್ಕಣೆ ನನ್ನದೇ. ಅದನ್ನು ಕೇಳಿದವರಿಗೆಲ್ಲ ಕೊಡುವುದಿಲ್ಲ.

ಅಂಚೆ ಕಚೇರಿಯಲ್ಲಿ ನಾಲ್ಕೂವರೆ ಲಕ್ಷವಿತ್ತು. ಅಲ್ಲಿ ನಾಮಿನಿಯಿಲ್ಲದಿದ್ದರೂ 5 ಲಕ್ಷದವರೆಗೆ, ಮರಣದಿಂದ ಆರು ತಿಂಗಳು ಕಳೆದ ಮೇಲೆ, ಅಫಿಡವಿಟ್, ಹಕ್ಕು ತ್ಯಾಗದ ಪತ್ರ, ಇಂಡೆಮ್ನಿಟಿ ಬಾಂಡ್ ಇಷ್ಟರ ಮೇಲೆ ಕೊಡುತ್ತಾರೆ. ಗ್ರಾಮದ ಸಹಕಾರ ಸಂಘದಲ್ಲಿ ಠೇವಣಿ ಎರಡು ಲಕ್ಷ, ಬೆಳೆ ಸಾಲ ಒಂದೂಕಾಲು ಲಕ್ಷ. ಅವರು ಸಾಲ ಮುರಿದುಕೊಂಡು ಉಳಿದದ್ದನ್ನು ಕೊಟ್ಟರು.

ಇನ್ನು ಕೋರ್ಟಿಗೆ ಹೋದ ಬಾಕಿ. ಚಿಕ್ಕಪ್ಪನವರು ಎರಡು ವರ್ಷದ ರೋಬಸ್ಟಾ ಚೆರಿಯನ್ನು (ಒಣಗಿಸಿದ ಕಾಫಿ ಹಣ್ಣು) ಒಬ್ಬ ವ್ಯಾಪಾರಿಯಲ್ಲಿ ಬೆಲೆ ನಿಗದಿ ಮಾಡದೆ ಇಟ್ಟಿದ್ದರು. ಬೆಲೆ ಏರಿದಾಗ ನಿಗದಿ ಮಾಡಿಕೊಳ್ಳುವುದೆಂದು ನಮ್ಮ ಕಡೆ ಅನೇಕರು ಹೀಗೆ ಇಡುತ್ತಾರೆ. ಮೊದಲು ಆ ವ್ಯಾಪಾರಿ ಎಲ್ಲ ಕೊಡುತ್ತೇನೆಂದರು, ಆಮೇಲೆ ಯಾರಿಗೆ ಕೊಡಲಿ ಎಂದು ಕೇಳಿದರು, ಕೊನೆಗೆ ತೂಕದ ಚೀಟಿಗಳನ್ನೇ ಪ್ರಶ್ನಿಸಿದರು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಕಲಂ 214ರಂತೆ, ಮೃತರಿಗೆ ಬರಬೇಕಾದ ಸಾಲಕ್ಕಾಗಿ ಇಂಥ ಪ್ರಮಾಣಪತ್ರವಿಲ್ಲದೆ ನ್ಯಾಯಾಲಯದ ಡಿಕ್ರಿ (ವಸೂಲಿಯ ತೀರ್ಪು) ಸಿಗುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಸಕ್ಸೆಷನ್ ಸರ್ಟಿಫಿಕೇಟು ಸಿಗುವುದು ಸಾಲ ಮತ್ತು ಸೆಕ್ಯುರಿಟಿಗಳಿಗೆ (ಷೇರು, ಬಾಂಡ್‌ನಂಥ ಹೂಡಿಕೆ ಪತ್ರಗಳು) ಮಾತ್ರ. ಬೆಲೆ ನಿಗದಿಯಾಗದೆ ಗೋದಾಮಿನಲ್ಲಿರುವ ಕಾಫಿ ಸರಕು; ಅದರ ಮೇಲೆ ಅರ್ಜಿ ಹಾಕಿದರೆ, ಅದು ಸಾಲವೇ ಅಲ್ಲವೆಂಬ ತಕರಾರು ಬರುತ್ತದೆ. ಆದ್ದರಿಂದ ಚೀಲಗಳ ಲೆಕ್ಕವನ್ನು ರೂಪಾಯಿಯ ಬಾಕಿಯಾಗಿ ಮಾಡಿಕೊಳ್ಳುವುದು ಮೊದಲ ಕೆಲಸವಾಯಿತು. ಒಂದು ದಿನದ ಬೆಲೆಗೆ ಮೂವರೂ ವಾರಸುದಾರರು ಲಿಖಿತ ಒಪ್ಪಿಗೆ ಕೊಟ್ಟು, ವ್ಯಾಪಾರಿಯಿಂದ ಸುಮಾರು 7 ಲಕ್ಷದ ಬಾಕಿ ದೃಢೀಕರಣ ಪತ್ರ ಪಡೆದೆವು. ತೂಕವನ್ನೇ ಒಪ್ಪದ ಮನುಷ್ಯನಿಂದ ಆ ಸಹಿ ಹೇಗೆ ಬಂತೆಂದು ಅನೇಕರು ಕೇಳುತ್ತಾರೆ. ಅದು ಕಾನೂನುಬದ್ಧವಾಗಿಯೇ ಬಂತು ಎಂಬಷ್ಟನ್ನು ಹೇಳುತ್ತೇನೆ. ನಾವು ಒಪ್ಪಿದ ಬೆಲೆ ಆ ವಾರದ ಮಾರುಕಟ್ಟೆಗಿಂತ ಸ್ವಲ್ಪ ಕಡಿಮೆಯಿತ್ತು. ಇನ್ನೂ ಕಾದಿದ್ದರೆ ಹೆಚ್ಚು ಸಿಗುತ್ತಿತ್ತೆಂದು ತಂದೆಯವರು ಇಂದಿಗೂ ಹೇಳುತ್ತಾರೆ. ಆದರೆ ಗೋದಾಮಿನ ಕಾಫಿಗೆ ನಮ್ಮಲ್ಲಿದ್ದ ಆಧಾರ ಮಾಸಿದ ಚೀಟಿಗಳು ಮಾತ್ರ.

ಒಂದೇ ಬಾಕಿಗೆ ಅರ್ಜಿ ಹಾಕಿದರೆ ಉಳಿದ ಆಸ್ತಿಯನ್ನೇಕೆ ತೋರಿಸಿಲ್ಲವೆಂದು ನ್ಯಾಯಾಲಯ ಕೇಳುತ್ತದೆಂಬುದು ವಕೀಲರ ಸಂಶಯವಾಗಿತ್ತು. ಒಂದು ಸಾಲಕ್ಕೆ ಅಥವಾ ಅದರ ಒಂದು ಭಾಗಕ್ಕೂ ಅರ್ಜಿ ಹಾಕಬಹುದೆಂದು ಅದೇ ಕಾಯ್ದೆಯ ಕಲಂ 372ರಲ್ಲೇ ಇದೆ. ಮುಂದೆ ಬೇಕಾದರೆ ಕಲಂ 376ರಂತೆ ಪ್ರಮಾಣಪತ್ರವನ್ನು ಬೇರೆ ಬಾಕಿಗಳಿಗೆ ವಿಸ್ತರಿಸಿಕೊಳ್ಳಬಹುದು. ಶುಲ್ಕ ಮೊತ್ತವನ್ನು ನೋಡಿ ಏರುವುದರಿಂದ, 28 ಲಕ್ಷದ ಬದಲು 7 ಲಕ್ಷಕ್ಕೆ ಕಟ್ಟಿದ್ದೇ ನಮ್ಮ ಉಳಿತಾಯ. ನೋಟಿಸು, ಪತ್ರಿಕಾ ಪ್ರಕಟಣೆ, ತಂದೆಯವರ ಸಾಕ್ಷ್ಯ ಇಷ್ಟರಲ್ಲಿ ಎಂಟೊಂಬತ್ತು ತಿಂಗಳು ಹೋಯಿತು. ನಡುವೆ ವ್ಯಾಪಾರಿ 5 ಲಕ್ಷ ತಕ್ಷಣ ಕೊಡುವುದಾಗಿ ಹೇಳಿಕಳುಹಿಸಿದರು. ಕಲಂ 381ರಂತೆ ಪ್ರಮಾಣಪತ್ರ ಹೊಂದಿದವರಿಗೆ ಕೊಟ್ಟ ಹಣಕ್ಕೆ ಅವರಿಗೆ ಪೂರ್ಣ ರಕ್ಷಣೆಯಿದೆಯೆಂದೂ, ನಾವು ಕಾಯುತ್ತೇವೆಂದೂ ತಿಳಿಸಿದೆ. ಆದೇಶ ಬಂದ ಮೇಲೆ ಎರಡು ಕಂತಿನಲ್ಲಿ ಪೂರ್ತಿ ಬಂತು.

ಇದರ ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಹತ್ತು ವರ್ಷ ಯಾರೂ ಕೇಳದ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತವೆ. ಅವುಗಳನ್ನು ಹುಡುಕಲು 2023ರಿಂದ ‘ಉದ್ಗಮ್’ ಪೋರ್ಟಲ್ ಇದೆ. ಅಫಿಡವಿಟ್ಟಿನ ಕೋಷ್ಟಕದಲ್ಲಿದ್ದ ಪ್ರತಿಯೊಂದು ರೂಪದ ಹೆಸರನ್ನೂ ಜನ್ಮದಿನಾಂಕದೊಂದಿಗೆ ಹಾಕುತ್ತ ಹೋದಾಗ, ಇನಿಷಿಯಲ್ ರೂಪಕ್ಕೆ ಸೈನ್ಯದ ದಿನಗಳ ಒಂದು ಹಳೆಯ ಖಾತೆ ಸಿಕ್ಕಿತು. ಮೊತ್ತ ಹದಿನಾಲ್ಕು ಸಾವಿರದಷ್ಟು. ಹಣ ಚಿಕ್ಕದಾದರೂ, ಮನೆ ಹೆಸರಿನ ಸ್ಥಾನ ಬದಲಿಸಿ ಹುಡುಕದಿದ್ದರೆ ಅದು ಸಿಗುತ್ತಿರಲಿಲ್ಲ. ಆ ಸಂಜೆ ನನಗಾದ ಸಂತೋಷ ದೊಡ್ಡದು.

ಕೋವಿಯನ್ನು ಮರೆಯಬಾರದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಇದ್ದರೂ, ವಿನಾಯಿತಿ ಪತ್ರ ವ್ಯಕ್ತಿಯ ಹೆಸರಿನಲ್ಲಿರುತ್ತದೆ. ಆದ್ದರಿಂದ ಕೋವಿಯನ್ನು ಠಾಣೆಯಲ್ಲಿಟ್ಟು ರಶೀದಿ ಪಡೆದು, ತಂದೆಯವರ ಹೆಸರಿಗೆ ಪತ್ರವಾದ ಮೇಲೆ ಬಿಡಿಸಿಕೊಂಡೆವು. ಜೀಪು ಫಾರ್ಮ್ 31ರಲ್ಲಿ (ಮಾಲೀಕರು ತೀರಿಕೊಂಡಾಗ ಹಾಕುವ ವರ್ಗಾವಣೆ ಅರ್ಜಿ) ವರ್ಗವಾಯಿತು. ಚಿಕ್ಕಪ್ಪನವರು ಸ್ವಂತ ದುಡಿಮೆಯಿಂದ ಕೊಂಡಿದ್ದ ಒಂದೂವರೆ ಎಕರೆ ತೋಟ ಪೌತಿ ಖಾತೆಯಲ್ಲಿ ಮೂವರ ಹೆಸರಿಗೆ ಜಂಟಿಯಾಗಿ ಬಂದಿದೆ. 11ಇ ನಕ್ಷೆ (ಜಮೀನು ಭಾಗ ಮಾಡಲು ಬೇಕಾದ ಸರ್ವೆ ನಕ್ಷೆ) ಮಾಡಿಸಿ ತುಂಡು ಮಾಡುವ ಆತುರ ಯಾರಿಗೂ ಇಲ್ಲ.

ಹಂಚಿಕೆಗೆಂದು ಮೂವರ ಜಂಟಿ ಖಾತೆ ತೆರೆದು, ಬಂದದ್ದೆಲ್ಲ ಅಲ್ಲಿಗೇ ಜಮೆಯಾಗುವಂತೆ ಮಾಡಿದ್ದೆ. ಯಾವ ಸಾಲ ಮೊದಲು ತೀರಬೇಕೆಂಬ ಮಾತು ಎದ್ದಾಗ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಕಲಂ 320ರಿಂದ 323ರವರೆಗಿನ ಕ್ರಮವನ್ನೇ ಮನೆಯ ನಿಯಮವೆಂದು ಇಟ್ಟುಕೊಂಡೆವು: ಅಂತ್ಯಕ್ರಿಯೆ ಮತ್ತು ಕೊನೆಯ ತಿಂಗಳ ಚಿಕಿತ್ಸೆ, ಆಮೇಲೆ ನ್ಯಾಯಾಲಯದ ಖರ್ಚು, ಆಮೇಲೆ ಕೊನೆಯ ಮೂರು ತಿಂಗಳ ಕೂಲಿ, ಕೊನೆಗೆ ಉಳಿದ ಸಾಲಗಳು. ತೋಟದ ಕೆಲಸಗಾರರ ಬಾಕಿ ಕೂಲಿ ನಲವತ್ತು ಸಾವಿರದಷ್ಟಿತ್ತು. ಕೈಸಾಲ ಕೊಟ್ಟ ನೆಂಟರಿಗಿಂತ ಮೊದಲು ಅವರಿಗೆ ಸಂದಿತು. ಈ ಕ್ರಮಕ್ಕೆ ನೆಂಟರು ಒಪ್ಪಿದ್ದು ಅದು ಕಾಯ್ದೆಯ ಪುಸ್ತಕದಲ್ಲಿ ಅಚ್ಚಾಗಿದ್ದುದರಿಂದ. ನಾನೇ ಹೇಳಿದ್ದರೆ ಒಪ್ಪುತ್ತಿರಲಿಲ್ಲ.

ಉಳಿದದ್ದನ್ನು ಮೂವರ ಸ್ವಂತ ಖಾತೆಗಳಿಗೆ ಸಮನಾಗಿ ಹಾಕಿ, ಅವರು ತಮ್ಮ ತಮ್ಮ ಪಾಲಿನ ಕಾಲುಭಾಗವನ್ನು ದೊಡ್ಡಪ್ಪನವರ ಮಕ್ಕಳಿಗೆ ಚೆಕ್ ಮೂಲಕ ದಾನವಾಗಿ ಕೊಟ್ಟು ಪತ್ರ ಬರೆದುಕೊಟ್ಟರು. ಹೀಗೆ ನಾಲ್ಕು ಶಾಖೆಗಳಿಗೂ ಸಮಪಾಲು ತಲುಪಿತು. ದಾನ ಕೊಟ್ಟವರು ಪಡೆದವರ ತಂದೆಯ ಒಡಹುಟ್ಟಿದವರಾದ್ದರಿಂದ ಅದು ಆದಾಯ ತೆರಿಗೆಯ ‘ಸಂಬಂಧಿ’ ವ್ಯಾಖ್ಯೆಯೊಳಗೆ ಬರುತ್ತದೆ, ಪಡೆದವರಿಗೆ ತೆರಿಗೆಯಿಲ್ಲ.

ಇನ್ನೂ ಮುಗಿಯದೆ ಉಳಿದಿರುವುದು ಷೇರುಗಳು. ಪೆಟ್ಟಿಗೆಯಲ್ಲಿ ಪೊಲ್ಲಿಬೆಟ್ಟದ ಹಳೆಯ ಕನ್ಸಾಲಿಡೇಟೆಡ್ ಕಾಫಿಯ ಕಾಗದದ ಷೇರುಪತ್ರಗಳು ಸಿಕ್ಕಿದ್ದವು. ಆ ಕಂಪನಿ ಮುಂದೆ ಟಾಟಾ ಕಾಫಿಯಾಗಿ, 2024ರ ಜನವರಿ 1ರಿಂದ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ಸೇರಿಹೋಗಿದೆ. ಹಳೆಯ 10 ಷೇರಿಗೆ ಹೊಸ 3ರ ಲೆಕ್ಕ. ಕಾಗದದ ಷೇರು ಒಂದು ಕಂಪನಿಯಲ್ಲಿ 5 ಲಕ್ಷದೊಳಗಿದ್ದರೆ ಸಕ್ಸೆಷನ್ ಸರ್ಟಿಫಿಕೇಟು ಬೇಕಿಲ್ಲ, ನಮ್ಮದು ಎರಡು ಲಕ್ಷದ ಸುತ್ತಮುತ್ತ. ಆದರೆ ಏಳು ವರ್ಷ ಡಿವಿಡೆಂಡ್ ಪಡೆಯದ್ದರಿಂದ ಷೇರುಗಳು ಕೇಂದ್ರದ ಹೂಡಿಕೆದಾರರ ನಿಧಿಗೆ ಹೋಗಿವೆ. ಕಂಪನಿಯಿಂದ ಹಕ್ಕು ದೃಢೀಕರಣ ಪತ್ರ ಬಂದ ಮೇಲೆ ಆ ನಿಧಿಯಿಂದ ಮರಳಿ ಪಡೆಯುವ ಐಇಪಿಎಫ್-5 ಅರ್ಜಿ ಸಲ್ಲಿಸಲು ಕಾಗದಗಳನ್ನು ಸಿದ್ಧವಾಗಿಟ್ಟಿದ್ದೇನೆ. ಆ ಹಣವೂ ಜಂಟಿ ಖಾತೆಗೇ ಬಂದು ಇದೇ ಲೆಕ್ಕದಲ್ಲಿ ಹಂಚಿಹೋಗುತ್ತದೆ.